ಹೊಳೆಯ ದಂಡೆಯ ನ್ಯಾಯಾಧೀಶ: ರಾಡ್ರಿಕ್ ಹೇಗ್-ಬ್ರೌನ್

ಜೀವನಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವವರು ರಾಜ್ಯಗಳನ್ನು ಕಟ್ಟಿದ ಅರಸರು, ಜನರಿಗೆ ದಾರಿ ತೋರಿಸಿದ ಸಂತರು, ನಾಡಿಗಾಗಿ ಸೆರೆಮನೆ ಸೇರಿದ ಮುಖಂಡರು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಂಥವರ ಕಥೆಯನ್ನು ಬರೆಯುವುದೇ ವಾಡಿಕೆ. ನಾನು ಇಲ್ಲಿ ಬರೆಯಹೊರಟಿರುವುದು ಗಾಳ ಹಾಕುತ್ತಿದ್ದ ಒಬ್ಬನ ಕಥೆಯನ್ನು. ವಾಚಕರು ನಗಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಒಂದು ದಿನ ಇಂಗ್ಲಿಷ್ ತರಗತಿಯಲ್ಲಿ ನಮ್ಮ ಅಧ್ಯಾಪಕರು 1653ರಲ್ಲಿ ಐಸಾಕ್ ವಾಲ್ಟನ್ ಬರೆದ ಮೀನುಗಾರಿಕೆಯ ಗ್ರಂಥವನ್ನು ಕುರಿತು ಹೇಳುತ್ತ, ಆ ಪರಂಪರೆಗೆ ಸೇರಿದ ಈಚಿನ ಲೇಖಕರಲ್ಲಿ ಕೆನಡಾದ ಹೇಗ್-ಬ್ರೌನನು ಮುಖ್ಯನೆಂದು ತಿಳಿಸಿದರು. ಗಾಳ ಹಾಕುವುದನ್ನು ಕುರಿತು ಗ್ರಂಥ ಬರೆಯುವುದುಂಟೆ, ಅದನ್ನು ಬಿ.ಎ. ತರಗತಿಯಲ್ಲಿ ಹೇಳುವುದುಂಟೆ ಎಂದು ನನಗೆ ಬೆರಗಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆ ತುಂಗಭದ್ರೆಯ ದಂಡೆಯಲ್ಲಿ ಬಲೆಯನ್ನೂ ಗಾಳವನ್ನೂ ನಂಬಿ ನಮ್ಮನ್ನು ಸಾಕಿದವರು, ಹೆಬ್ಬೆಟ್ಟು ಒತ್ತುವವರು. ಮೊದಲ ವರ್ಷ ಗೆಳೆಯರು ತಂದೆಯ ಉದ್ಯೋಗವೇನೆಂದು ಕೇಳಿದಾಗ ನಾನು ಬೇಸಾಯವೆಂದು ಸುಳ್ಳು ಹೇಳಿದ್ದೆ. ಆ ಸುಳ್ಳು ಮೂರು ವರ್ಷದಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ. ಹೇಗ್-ಬ್ರೌನನ ಬಾಳನ್ನು ಓದಿ ತಿಳಿದುಕೊಂಡ ಮೇಲೆ ಅದನ್ನು ಹೊರಕ್ಕೆ ತೆಗೆಯುವ ಧೈರ್ಯ ಬಂದಿತು.

ರಾಡ್ರಿಕ್ ಹೇಗ್-ಬ್ರೌನನು 1908ನೆಯ ಇಸವಿ ಫೆಬ್ರವರಿ 21ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲ್ಯಾನ್ಸಿಂಗ್ ಎಂಬಲ್ಲಿ ಹುಟ್ಟಿದನು. ಅವನದು ವಿದ್ಯಾವಂತರ ಮನೆತನ. ತಾತ ವಿಲಿಯಂ ಹೇಗ್ ಬ್ರೌನನು ಚಾರ್ಟರ್‌ಹೌಸ್ ಎಂಬ ಪ್ರಸಿದ್ಧ ಶಾಲೆಗೆ ಮೂವತ್ತು ವರ್ಷಗಳಿಗೂ ಮೀರಿ ಮುಖ್ಯೋಪಾಧ್ಯಾಯನಾಗಿದ್ದವನು; ಆ ಶಾಲೆಯನ್ನು ಲಂಡನ್ನಿನ ಇಕ್ಕಟ್ಟಿನಿಂದ ಹಳ್ಳಿಗಾಡಿನ ಬಯಲಿಗೆ ಸಾಗಿಸಿದವನೂ ಅವನೇ. ತಂದೆ ಅಲನ್ ಹೇಗ್-ಬ್ರೌನನೂ ಉಪಾಧ್ಯಾಯ. ಬೇಟೆ, ಆಟ, ಮೀನುಗಾರಿಕೆಗಳಲ್ಲಿ ಆಸಕ್ತನಾಗಿ ಅವುಗಳನ್ನು ಕುರಿತು ಬರೆಯುತ್ತಲೂ ಇದ್ದನು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದ ಅವನು 1918ರ ಮಾರ್ಚಿಯಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಆಗ ರಾಡ್ರಿಕನಿಗೆ ಹತ್ತೇ ವರ್ಷ.

ತಂದೆಯಿಲ್ಲದ ಹುಡುಗನು ಡಾರ್ಸೆಟ್ ಪ್ರಾಂತದಲ್ಲಿದ್ದ ತಾಯಿಯ ತವರಿನವರ ಆಸರೆಯಲ್ಲಿ ಬೆಳೆದನು. ತಾಯಿಯ ತಂದೆ ಆಲ್‌ಫ್ರೆಡ್ ಪೋಪನು ಡಾರ್ಚೆಸ್ಟರಿನ ಸಿರಿವಂತ. ಕಾದಂಬರಿಕಾರ ಥಾಮಸ್ ಹಾರ್ಡಿಗೆ ಪರಿಚಿತನಾಗಿದ್ದವನು. ಅಲ್ಲಿ ಹರಿಯುವ ಫ್ರೋಮ್ ಎಂಬ ಸಣ್ಣ ಹೊಳೆಯ ದಂಡೆಯೇ ಬಾಲಕನ ನಿಜವಾದ ಪಾಠಶಾಲೆಯಾಯಿತು. ತಿಳಿನೀರು, ಮೆಲ್ಲನೆಯ ಹರಿವು, ನೀರಿನ ಹುಲ್ಲುಗಳ ನಡುವೆ ಅಲುಗದೆ ನಿಂತ ಟ್ರೌಟ್ ಮೀನು! ಇವುಗಳನ್ನು ಹೊತ್ತು ಹೋದುದು ತಿಳಿಯದಂತೆ ನೋಡುತ್ತಿರುವ ಅಭ್ಯಾಸ ಅಲ್ಲಿಯೇ ಬಂದಿತು. ಹಿಡಿಯುವುದಕ್ಕೆ ಮೊದಲು ನೋಡಬೇಕು, ನೋಡುವುದಕ್ಕೆ ಮೊದಲು ಸುಮ್ಮನಿರಬೇಕು ಎಂಬುದನ್ನು ಅವನು ಆ ಎಳೆಯ ವಯಸ್ಸಿನಲ್ಲಿಯೇ ಕಲಿತನು.

ತಾತನು ಆಳಿದ ಶಾಲೆಯಲ್ಲಿಯೇ ಮೊಮ್ಮಗನನ್ನು ಓದಲು ಬಿಟ್ಟರು. ಆದರೆ ಹುಡುಗನಿಗೆ ಆ ಶಾಲೆಯ ಕಟ್ಟುಪಾಡು ಒಗ್ಗಲಿಲ್ಲ. ನಿಯಮಗಳನ್ನು ಮುರಿದ ತಪ್ಪಿಗಾಗಿ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಗೋಡೆಯ ಮೇಲೆ ತಾತನ ಕೀರ್ತಿಯಿರುವ ಶಾಲೆಯಿಂದಲೇ ಮೊಮ್ಮಗನು ತಲೆ ತಗ್ಗಿಸಿ ಹೊರಗೆ ನಡೆಯಬೇಕಾಯಿತು. ಇದಾದ ಮೇಲೆ ಅವನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದಲಿಲ್ಲ, ಯಾವ ಪರೀಕ್ಷೆಯಲ್ಲಿಯೂ ಪದವಿ ಪಡೆಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಮನೆಯವರ ಆಸೆ ಅವನು ವಸಾಹತುಗಳ ಆಡಳಿತದಲ್ಲಿ ಅಧಿಕಾರಿಯಾಗಲಿ ಎಂದು. ಅದಕ್ಕೆ ಇನ್ನೂ ವಯಸ್ಸು ಸಾಲದು. ಅಷ್ಟರವರೆಗೆ ಅಮೆರಿಕದ ಪಶ್ಚಿಮ ತೀರದ ಸಿಯಾಟಲ್ ನಗರದಲ್ಲಿದ್ದ ಬಂಧುವೊಬ್ಬನ ಬಳಿ ಇದ್ದು ಬರಲೆಂದು 1926ರಲ್ಲಿ ಕಳುಹಿಸಿದರು. ವಯಸ್ಸು ತುಂಬಿದ ಕೂಡಲೇ ಮರಳುತ್ತೇನೆಂದು ತಾಯಿಗೆ ಮಾತು ಕೊಟ್ಟು ಅವನು ಹಡಗು ಹತ್ತಿದನು.

ಸಿಯಾಟಲ್ ಇರುವ ವಾಷಿಂಗ್ಟನ್ ಸಂಸ್ಥಾನವು ಆಗ ಮರ ಕಡಿಯುವ ಶಿಬಿರಗಳ ನಾಡಾಗಿತ್ತು. ಹದಿನೆಂಟರ ಈ ಸಿರಿವಂತರ ಮನೆಯ ಹುಡುಗನು ಅಂಥ ಒಂದು ಶಿಬಿರದಲ್ಲಿ ಕೂಲಿಗೆ ನಿಂತನು. ಅಲ್ಲಿ ಇರಲು ಕೊಟ್ಟ ಪರವಾನಗಿಯ ಅವಧಿ ಮುಗಿದಾಗ 1927ರಲ್ಲಿ ಗಡಿ ದಾಟಿ, ಕೆನಡಾಕ್ಕೆ ಸೇರಿದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಬಂದು, ಸಮುದ್ರದ ನಡುವಣ ವ್ಯಾಂಕೂವರ್ ದ್ವೀಪದ ಉತ್ತರ ಭಾಗದಲ್ಲಿ ನಿಂಪ್‌ಕಿಶ್ ನದಿಯ ಬಳಿ ನೆಲೆಸಿದನು. ಮರ ಕಡಿದನು, ಬೋನು ಹಾಕಿ ತುಪ್ಪಳದ ಪ್ರಾಣಿಗಳನ್ನು ಹಿಡಿದನು, ಮೀನು ಹಿಡಿದು ಮಾರಿದನು, ಬಂದವರಿಗೆ ದಾರಿ ತೋರಿಸಿದನು. ಪುಸ್ತಕದಿಂದ ಅಲ್ಲ, ಬೊಕ್ಕೆ ಎದ್ದ ಅಂಗೈಯಿಂದ ಅವನು ಆ ನಾಡನ್ನು ತಿಳಿದುಕೊಂಡನು.

ತಾಯಿಗೆ ಕೊಟ್ಟ ಮಾತಿನಂತೆ ಒಮ್ಮೆ ಲಂಡನ್ನಿಗೆ ಮರಳಿದುದೂ ಉಂಟು. ಆದರೆ ಅಧಿಕಾರಿಯಾಗುವ ಮನಸ್ಸು ಅಷ್ಟರಲ್ಲಿ ಸತ್ತುಹೋಗಿತ್ತು. ಅಲ್ಲಿ ಕುಳಿತು ಅವನು ಸಾಲ್ಮನ್ ಮೀನೊಂದರ ಜೀವನವನ್ನು ಕಥೆಯಾಗಿ ಬರೆದನು. ಸಿಲ್ವರ್ ಎಂಬ ಆ ಪುಸ್ತಕ 1931ರಲ್ಲಿ ಪ್ರಕಟವಾಯಿತು. ಬರಹಗಾರನಾಗಿ ಬದುಕಬಲ್ಲೆನೆಂಬ ಭರವಸೆ ಮೂಡುತ್ತಲೇ ವ್ಯಾಂಕೂವರ್ ದ್ವೀಪಕ್ಕೆ ಹಿಂದಿರುಗಿದನು. ಈ ಸಲ ಬಂದದ್ದು ನೆಲೆಸಲು. ಅವನನ್ನು ಹಾಗೆ ಎಳೆದು ತಂದ ಸಂಗತಿಗಳಲ್ಲಿ ಸ್ಟೀಲ್‌ಹೆಡ್ ಎಂಬ ಮೀನೂ ಒಂದೆಂದರೆ ಅತಿಶಯೋಕ್ತಿಯಲ್ಲ. ಆ ಮೀನನ್ನು ತಿಳಿಯದೆ ಈ ಮನುಷ್ಯನನ್ನು ತಿಳಿಯಲಾಗುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಸ್ಟೀಲ್‌ಹೆಡ್ ಎಂಬುದು ಬೇರೆ ಜಾತಿಯಲ್ಲ; ಮಳೆಬಿಲ್ಲಿನ ಬಣ್ಣದ ಪಟ್ಟೆಯುಳ್ಳ ರೈನ್‌ಬೋ ಟ್ರೌಟ್ ಮೀನೇ ಅದು. ಆದರೆ ಬಾಳಿನ ರೀತಿ ಬೇರೆ. ಹೊಳೆಯ ಕಲ್ಲುಗಳ ನಡುವೆ ಮೊಟ್ಟೆಯೊಡೆದು ಹುಟ್ಟಿ, ಸಾಮಾನ್ಯವಾಗಿ ಎರಡು ಮೂರು ವರ್ಷ ಸಿಹಿನೀರಿನಲ್ಲಿಯೇ ಬೆಳೆದು, ಬಳಿಕ ಶಾಂತಸಾಗರವನ್ನು ಸೇರುತ್ತದೆ. ಅಲ್ಲಿ ಕೊಬ್ಬಿ, ಉಕ್ಕಿನಂತೆ ಹೊಳೆಯುವ ಮೈಯನ್ನು ಪಡೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಶಾಂತಸಾಗರದ ಸಾಲ್ಮನ್ನುಗಳು ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಸ್ಟೀಲ್‌ಹೆಡ್ಡುಗಳಲ್ಲಿ ಕೆಲವು ಬದುಕಿ ಮತ್ತೆ ಕಡಲಿಗೆ ಹೋಗಿ ಇನ್ನೊಮ್ಮೆ ಬರುವುದುಂಟು. ಬೇಸಗೆಯಲ್ಲಿ ಹೊಳೆ ಹತ್ತುವ ಗುಂಪು ಒಂದು. ನವೆಂಬರಿನಿಂದ ಏಪ್ರಿಲ್‌ವರೆಗೆ, ಕೊರೆಯುವ ಚಳಿಯಲ್ಲಿ ಹತ್ತುವ ಗುಂಪು ಇನ್ನೊಂದು. ಚಳಿಗಾಲದ ಈ ಮೀನನ್ನು ಹಿಡಿಯುವುದು ಗಾಳದ ವಿದ್ಯೆಯಲ್ಲಿ ಕಠಿಣವಾದ ಪರೀಕ್ಷೆಯೆಂದು ಆ ನಾಡಿನವರು ಎಣಿಸುತ್ತಾರೆ.

ಈ ಪರೀಕ್ಷೆಯಲ್ಲಿ ಹೇಗ್-ಬ್ರೌನನಿಗೆ ಹಿರಿಯನಾಗಿ ದೊರಕಿದವನು ನೋಯೆಲ್ ಮನಿ ಎಂಬ ನಿವೃತ್ತ ಸೇನಾನಿ. ದ್ವೀಪದ ಕ್ವಾಲಿಕಮ್ ಎಂಬ ಊರಿನಲ್ಲಿ ನೆಲೆಸಿದ್ದ ಈ ಜನರಲ್ಲನು ಸ್ಟಾಂಪ್ ನದಿಯಲ್ಲಿ ಸ್ಟೀಲ್‌ಹೆಡ್ ಹಿಡಿಯುವುದರಲ್ಲಿ ಪಳಗಿದವನು. ಅವನಿಗೆ ತಿಳಿದುದು ತರುಣನಿಗೆ ದಕ್ಕಿತು. ತರುಣನು ಅದನ್ನು ಪುಸ್ತಕದಲ್ಲಿಟ್ಟು ಜಗತ್ತಿಗೆ ಕೊಟ್ಟನು.

ಏನದು ಆ ವಿದ್ಯೆ? ಚಳಿಗಾಲದ ಹೊಳೆಯ ನೀರು ಮಂಜುಗಡ್ಡೆಗಿಂತ ನಾಲ್ಕೈದು ಡಿಗ್ರಿ ಮಾತ್ರ ಬೆಚ್ಚಗಿರುತ್ತದೆ. ಆ ತಣ್ಪಿನಲ್ಲಿ ಮೀನಿನ ಮೈ ಜಡವಾಗಿರುವುದು. ಅದು ಎರೆಯನ್ನು ಅಟ್ಟಿಕೊಂಡು ಓಡಿ ಬರುವುದಿಲ್ಲ. ಹೊಳೆಯ ತಳದಲ್ಲಿ, ಸೆಳವು ಕಡಮೆಯಿರುವ ಬಂಡೆಯ ಮರೆಯಲ್ಲಿ ತನ್ನ ಬಲವನ್ನು ಉಳಿಸಿಕೊಂಡು ನಿಂತಿರುತ್ತದೆ. ಆದಕಾರಣ ಎರೆಯೇ ಅದರ ಮೂತಿಯ ಬಳಿಗೆ ಹೋಗಬೇಕು. ಹೋದರೂ, ಯಾರೋ ಎಳೆಯುತ್ತಿರುವಂತೆ ಹೋಗಬಾರದು. ನೀರಿನೊಡನೆ ಕೊಚ್ಚಿಕೊಂಡು ಬರುವ ವಸ್ತುವಿನ ಹಾಗೆ, ತಳದ ನೀರಿನ ನಡಿಗೆಯಲ್ಲಿಯೇ ತೇಲಿ ಬರಬೇಕು. ಹೊಳೆಯ ಮೇಲ್ನೀರು ಬೇಗ ಹರಿಯುತ್ತದೆ, ತಳನೀರು ನಿಧಾನವಾಗಿ ಹರಿಯುತ್ತದೆ. ಮೇಲ್ನೀರಿನ ವೇಗದಲ್ಲಿ ಓಡುವ ಎರೆಯನ್ನು ಮೀನು ನಂಬುವುದಿಲ್ಲ.

ಹೀಗೆ ತೇಲಿಬಿಡುವುದಕ್ಕೆ ಗಾಳವನ್ನು ಕಟ್ಟುವ ಕ್ರಮವೇ ಬೇರೆ. ಕೋಲಿನಿಂದ ಬರುವ ಮುಖ್ಯ ದಾರದ ತುದಿಗೆ ಒಂದು ಸಣ್ಣ ತಿರುಗುಣಿಯನ್ನು ಕಟ್ಟುತ್ತಾರೆ. ದಾರ ಹುರಿಗೊಳ್ಳದಿರಲು ಇದು ಬೇಕು. ತಿರುಗುಣಿಯಿಂದ ಎರಡು ಎಳೆಗಳು ಹೊರಡುತ್ತವೆ. ಒಂದು ಗಿಡ್ಡ ಎಳೆಗೆ ಸೀಸದ ತುಂಡು. ಇನ್ನೊಂದು, ಒಂದು ಮೊಳದಿಂದ ಎರಡು ಮೊಳದವರೆಗೆ ಉದ್ದವಿರುವ ಎಳೆಗೆ ಮುಳ್ಳು ಮತ್ತು ಹುಸಿ ಎರೆ. ಸೀಸ ಕಟ್ಟಿದ ಎಳೆಯನ್ನು ಬೇಕೆಂದೇ ತೆಳುವಾಗಿ ಇಡುತ್ತಾರೆ. ತಳದ ಕಲ್ಲಿಗೆ ಸೀಸ ಸಿಕ್ಕಿಕೊಂಡರೆ ಆ ತೆಳು ಎಳೆ ಮಾತ್ರ ಹರಿದುಹೋಗಿ ಉಳಿದದ್ದೆಲ್ಲ ಕೈಗೆ ಬರುತ್ತದೆ. ಹುಸಿ ಎರೆಯಾದರೋ ನೀರಿನಲ್ಲಿ ತೇಲುವ ಸ್ವಭಾವದ್ದಾಗಿರಬೇಕು. ಸೀಸವು ನೆಲದ ಮೇಲೆ ನಡೆಯುತ್ತಿದ್ದರೆ ಎರೆಯು ಅದರ ಹಿಂದೆ ನೆಲದಿಂದ ತುಸು ಮೇಲೆ, ಮೀನಿನ ಕಣ್ಣಿನ ಎತ್ತರದಲ್ಲಿ ಬರುತ್ತದೆ. ನಮ್ಮ ಕಡೆಯ ಗಾಳದಲ್ಲಿ ಬೆಂಡು ಮೇಲೆ ತೇಲಿ ಮುಳ್ಳು ಕೆಳಗೆ ಇಳಿಬೀಳುತ್ತದೆ. ಅಲ್ಲಿ ಬೆಂಡೇ ಎರೆಯಾಗಿ ಹೊಳೆಯ ತಳಕ್ಕೆ ಹೋಗುತ್ತದೆಯೆಂದು ತಿಳಿದರೆ ಸಾಕು.

ಸೀಸದ ತೂಕವೆಷ್ಟು? ಇದಕ್ಕೆ ಅಂಗಡಿಯಲ್ಲಿ ಉತ್ತರ ಸಿಕ್ಕದು, ಹೊಳೆಯಲ್ಲಿ ಮಾತ್ರ ಸಿಕ್ಕುತ್ತದೆ. ಹೊಳೆಗೆ ಅಡ್ಡಲಾಗಿ, ತುಸು ಮೇಲ್ಮುಖವಾಗಿ ಎಸೆದು, ದಾರವನ್ನು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಹಿಡಿದುಕೊಂಡಾಗ, ಸೀಸವು ಅಷ್ಟಷ್ಟು ದೂರಕ್ಕೆ ಒಂದೊಂದು ಸಲ ಕಲ್ಲನ್ನು ತಟ್ಟುವುದು ಕೋಲಿನ ಮೂಲಕ ಬೆರಳಿಗೆ ತಿಳಿಯಬೇಕು. ಒಂದೇ ಸಮನೆ ಕೆರೆದುಕೊಂಡು ಹೋದರೆ ಸೀಸ ಹೆಚ್ಚಾಯಿತು. ತಟ್ಟದೆಯೇ ಹೋದರೆ ಕಡಮೆಯಾಯಿತು. ಒಂದು ಮಡುವಿಗೆ ಸರಿಯಾದ ತೂಕ ಮುಂದಿನ ಮಡುವಿಗೆ ಸರಿಯಾಗದು. ಬಣ್ಣ ಮತ್ತು ಗಾತ್ರಗಳನ್ನೂ ನೀರೇ ಹೇಳುತ್ತದೆ. ಮಳೆ ಬಂದು ನೀರು ಕದಡಿದ್ದರೆ ದೊಡ್ಡದು, ಕಿತ್ತಳೆ ಕೆಂಪಿನಂಥ ಎದ್ದು ಕಾಣುವ ಬಣ್ಣದ್ದು; ನೀರು ತಗ್ಗಿ ತಿಳಿಯಾಗಿದ್ದರೆ ಬಟಾಣಿಯಷ್ಟು ಸಣ್ಣದು, ಮಾಸಿದ ಬಣ್ಣದ್ದು. ಇಷ್ಟೆಲ್ಲ ಮಾಡಿದ ಮೇಲೂ ಚಳಿಗಾಲದ ಮೀನು ಗಾಳವನ್ನು ಜಗ್ಗಿ ಎಳೆಯುವುದು ಅಪರೂಪ. ತೇಲಿ ಬರುತ್ತಿದ್ದ ಎರೆ ಸುಮ್ಮನೆ ನಿಂತಂತಾಗುತ್ತದೆ, ಅಷ್ಟೆ. ಅದು ಕಲ್ಲೋ ಮೀನೋ ಎಂಬುದನ್ನು ಮರುಕ್ಷಣದೊಳಗೆ ತೀರ್ಮಾನಿಸಬೇಕು. ಬೆರಳುಗಳು ಮರಗಟ್ಟಿರುವ ಹಿಮದ ಗಾಳಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತವನ ಗಮನ ಒಂದು ಗಳಿಗೆ ಚದರಿದರೂ ಆ ದಿನದ ಶ್ರಮವೆಲ್ಲ ವ್ಯರ್ಥ.

ಹೇಗ್-ಬ್ರೌನನು ಕಲಿಯುತ್ತಿದ್ದ ಕಾಲದಲ್ಲಿ ಹಲವರು ಸಾಲ್ಮನ್ ಮೀನಿನ ಮೊಟ್ಟೆಗಳನ್ನೇ ಗೊಂಚಲಾಗಿ ಮುಳ್ಳಿಗೆ ಕಟ್ಟಿ ತೇಲಿಬಿಡುತ್ತಿದ್ದರು. ಹೊಳೆಯಲ್ಲಿ ಆ ಮೊಟ್ಟೆಗಳು ಕೊಚ್ಚಿಕೊಂಡು ಬರುವುದು ಸಹಜವಾದ್ದರಿಂದ ಮೀನು ಅದನ್ನು ಶಂಕಿಸುವುದಿಲ್ಲ. ಮರದಿಂದಲೂ ಪ್ಲಾಸ್ಟಿಕ್ಕಿನಿಂದಲೂ ಮಾಡಿದ, ಮೊಟ್ಟೆಯನ್ನು ಹೋಲುವ ತೇಲುವ ಗುಂಡುಗಳು, ನೀರಿನ ಸೆಳವಿಗೆ ಗಿರ್ರನೆ ತಿರುಗುವ ಪುಟ್ಟ ರೆಕ್ಕೆಯ ಗುಂಡುಗಳು ಇವೆಲ್ಲ ಅದರ ಅನುಕರಣೆಯಿಂದ ಹುಟ್ಟಿದವು. ಹೇಗ್-ಬ್ರೌನನಾದರೋ ಮೊದಮೊದಲು ಚಳಿಗಾಲದಲ್ಲಿ ಪುಟ್ಟ ಮೀನಿನಾಕಾರದ ಲೋಹದ ಹುಸಿ ಎರೆಯನ್ನೂ ಚಮಚದಾಕಾರದ ತಗಡನ್ನೂ ಬಳಸಿದನು. ಬರಬರುತ್ತ ಗರಿ, ಕೂದಲು, ರೇಷ್ಮೆಯೆಳೆಗಳಿಂದ ಕಟ್ಟಿದ ಹುಸಿ ನೊಣದ ಕಡೆಗೆ ಅವನ ಮನಸ್ಸು ಹೊರಳಿತು. ಚಳಿಗಾಲದ ಮೀನಿಗೆಂದು ಅವನು ಕಟ್ಟಿದ ಗೋಲ್ಡನ್ ಗರ್ಲ್, ಬೇಸಗೆಯಲ್ಲಿ ನೀರಿನ ಮೇಲೆ ತೇಲಿಬಿಡಲು ಕಟ್ಟಿದ ಸ್ಟೀಲ್‌ಹೆಡ್ ಬೀ ಎಂಬ ನೊಣಗಳನ್ನು ಗಾಳಗಾರರು ಅವನ ಹೆಸರಿನೊಡನೆಯೇ ನೆನೆಯುತ್ತಾರೆ. ಮೊಟ್ಟೆಯಿರಲಿ, ಮರದ ಗುಂಡಿರಲಿ, ಗರಿಯ ನೊಣವಿರಲಿ, ಮೂಲಸೂತ್ರ ಮಾತ್ರ ಒಂದೇ. ಮೀನು ಎಲ್ಲಿ ನಿಂತಿದೆ, ನೀರು ಅಲ್ಲಿಗೆ ಹೇಗೆ ಹೋಗುತ್ತದೆ ಎಂಬುದನ್ನು ಅರಿಯದವನ ಪೆಟ್ಟಿಗೆಯಲ್ಲಿ ನೂರು ಎರೆಗಳಿದ್ದರೂ ಫಲವಿಲ್ಲ.

ಹೀಗೆ ನೀರನ್ನು ಓದಲು ಕಲಿತವನು ನೀರಿನ ಬಳಿಯಲ್ಲಿಯೇ ಮನೆ ಮಾಡಿದುದು ಸಹಜ. 1934ರ ಜನವರಿಯಲ್ಲಿ ಅವನು ಸಿಯಾಟಲಿನ ಆನ್ ಎಲ್ಮೋರ್ ಎಂಬ ವಿದ್ಯಾವಂತ ತರುಣಿಯನ್ನು ಮದುವೆಯಾದನು. ದ್ವೀಪದ ಪೂರ್ವ ತೀರದ ಕ್ಯಾಂಬೆಲ್ ರಿವರ್ ಎಂಬ ಊರಿನಲ್ಲಿ, ಅದೇ ಹೆಸರಿನ ನದಿಯ ದಂಡೆಯಲ್ಲಿ ಅವರು ಮನೆಯನ್ನೂ ಜಮೀನನ್ನೂ ಕೊಂಡರು. ಒಬ್ಬ ಮಗ, ಮೂವರು ಹೆಣ್ಣುಮಕ್ಕಳು; ಗೋಡೆಯುದ್ದಕ್ಕೂ ಪುಸ್ತಕಗಳು ತುಂಬಿದ ಓದುವ ಕೋಣೆ; ಕಿಟಕಿಯಾಚೆ ಸ್ಟೀಲ್‌ಹೆಡ್ ಹತ್ತುವ ಹೊಳೆ. ಸಾಯುವವರೆಗೂ ಅವನ ಮನೆ ಅದೇ.

ಆ ಕೋಣೆಯಿಂದ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು ಹೊರಬಂದವು. ಪಶ್ಚಿಮ ತೀರದ ಮೀನುಗಳನ್ನೂ ಅವುಗಳನ್ನು ಹಿಡಿಯುವ ವಿಧಾನಗಳನ್ನೂ ಕುರಿತ ಎರಡು ಸಂಪುಟಗಳ ದಿ ವೆಸ್ಟರ್ನ್ ಆಂಗ್ಲರ್ 1939ರಲ್ಲಿ ಪ್ರಕಟವಾಯಿತು. 1941ರಲ್ಲಿ ಬಂದ ರಿಟರ್ನ್ ಟು ದಿ ರಿವರ್ ಕೊಲಂಬಿಯಾ ನದಿಯ ಸಾಲ್ಮನ್ ಒಂದರ ಜೀವನಕಥೆ. 1946ರ ಎ ರಿವರ್ ನೆವರ್ ಸ್ಲೀಪ್ಸ್ ಅವನ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳಿಗೊಂದು ಭಾಗದಂತೆ ಗಾಳಗಾರನ ಒಂದು ವರ್ಷವನ್ನು ಬಣ್ಣಿಸುವ ಆ ಗ್ರಂಥ ಮೊದಲಾಗುವುದು ಚಳಿಗಾಲದ ಸ್ಟೀಲ್‌ಹೆಡ್ಡಿನಿಂದಲೇ. ಹುಡುಗರಿಗಾಗಿ ಬರೆದ ಸಾಲ್ಟ್‌ವಾಟರ್ ಸಮ್ಮರ್ ಎಂಬ ಕಾದಂಬರಿಗೆ 1948ರ ಗವರ್ನರ್ ಜನರಲ್ ಪ್ರಶಸ್ತಿ ದೊರಕಿತು. ಅವನ ಗ್ರಂಥಗಳಲ್ಲಿ ಹಿಡಿದ ಮೀನುಗಳ ಲೆಕ್ಕಕ್ಕಿಂತ ನೋಡಿದ ಹೊಳೆಗಳ ವಿವರವೇ ಹೆಚ್ಚು.

ಇನ್ನೊಂದು ಆಶ್ಚರ್ಯದ ಸಂಗತಿಯುಂಟು. 1940ರ ದಶಕದ ಆರಂಭದಲ್ಲಿ ಸರಕಾರವು ಈ ಗಾಳಗಾರ ಬರಹಗಾರನನ್ನು ಆ ಊರಿನ ಮ್ಯಾಜಿಸ್ಟ್ರೇಟನನ್ನಾಗಿ ನೇಮಿಸಿತು. ಅವನು ಕಾನೂನನ್ನು ಓದಿದವನಲ್ಲ. ಆದರೂ ನಡುವೆ ಮಹಾಯುದ್ಧದಲ್ಲಿ ಕೆನಡಾದ ಸೈನ್ಯಕ್ಕೆ ಸಲ್ಲಿಸಿದ ಸೇವೆಯ ಕಾಲವನ್ನು ಬಿಟ್ಟರೆ, ಸುಮಾರು ಮೂರು ದಶಕಗಳ ಕಾಲ ಆ ಪೀಠದಲ್ಲಿ ಕುಳಿತನು. ಕುಡಿದು ಜಗಳವಾಡಿದ ಮರಕಡಿಯುವವರು, ಕಡಲ ಮೀನುಗಾರರು, ಬಿಳಿಯರ ಕಾನೂನಿನಲ್ಲಿ ದಿಕ್ಕುಗಾಣದ ಮೂಲನಿವಾಸಿಗಳು ಅವನೆದುರಿಗೆ ಬಂದು ನಿಲ್ಲುತ್ತಿದ್ದರು. ಅವರ ಜೊತೆಯಲ್ಲಿಯೇ ಕೂಲಿ ಮಾಡಿ ಅದೇ ಶಿಬಿರಗಳಲ್ಲಿ ಮಲಗಿದ್ದವನಿಗೆ ಅವರ ಬಾಳು ಅಪರಿಚಿತವಾಗಿರಲಿಲ್ಲ. ಒಮ್ಮೆ ತಾನೂ ತಪ್ಪಿತಸ್ಥನೆನಿಸಿ ಶಾಲೆಯಿಂದ ಹೊರಬಿದ್ದವನು ತೀರ್ಪು ಕೊಡುವ ಪೀಠದಲ್ಲಿ ಕುಳಿತದ್ದು ಆ ಊರಿನ ಬಡವರ ಭಾಗ್ಯವೆಂದೇ ನನಗೆ ತೋರುತ್ತದೆ. ಅವನ ಮಡದಿ ಆನ್ ಕೂಡ ಗಂಡನಿಗೆ ತಕ್ಕವಳು. ಗಂಡಂದಿರ ಹೊಡೆತಕ್ಕೆ ಹೆದರಿ ಮನೆ ಬಿಟ್ಟು ಬಂದ ಹೆಂಗಸರಿಗೆ ಆ ಮನೆಯ ಬಾಗಿಲು ತೆರೆದಿರುತ್ತಿತ್ತು. ಅಂಥವರಿಗಾಗಿ ಆ ಊರಿನಲ್ಲಿರುವ ಆಶ್ರಯಧಾಮಕ್ಕೆ ಅವಳದೇ ಹೆಸರು.

ಇನ್ನು ಅವನ ಬಾಳಿನ ದೊಡ್ಡ ಹೋರಾಟಕ್ಕೆ ಬರುತ್ತೇನೆ. 1947ರ ಹೊತ್ತಿಗೆ ಅವನ ಮನೆಯ ಮುಂದಿನ ಕ್ಯಾಂಬೆಲ್ ನದಿಗೇ ಜಾನ್ ಹಾರ್ಟ್ ಹೆಸರಿನ ವಿದ್ಯುತ್ ಅಣೆಕಟ್ಟು ಬಂದಿತು. 1950ರ ದಶಕದ ಮೊದಲಲ್ಲಿ ಅದೇ ನದಿಯ ಮೇಲ್ಭಾಗದ ಬಟ್ಲ್ ಎಂಬ ಸರೋವರದ ನೀರಿನ ಮಟ್ಟವನ್ನು ಏರಿಸುವ ಯೋಜನೆ ಸಿದ್ಧವಾಯಿತು. ಆ ಸರೋವರವಿದ್ದುದು ಸ್ಟ್ರಾತ್‌ಕೋನಾ ಎಂಬ ರಕ್ಷಿತ ವನದೊಳಗೆ. ಅದು 1911ರಲ್ಲಿ ಸ್ಥಾಪಿತವಾದ, ಆ ಪ್ರಾಂತದ ಮೊಟ್ಟಮೊದಲ ರಕ್ಷಿತ ವನ. ಒಮ್ಮೆ ಜನರಿಗಾಗಿ ಮೀಸಲಿಟ್ಟುದನ್ನು ಹೀಗೆ ಮುಳುಗಿಸಬಹುದಾದರೆ ಮೀಸಲೆಂಬ ಮಾತಿಗೆ ಅರ್ಥವೇನೆಂಬುದು ಹೇಗ್-ಬ್ರೌನನ ವಾದ. ಅವನು ಬರೆದನು, ಸಭೆಗಳಲ್ಲಿ ಮಾತನಾಡಿದನು, ಅಧಿಕಾರಿಗಳೆದುರಿಗೆ ಸಾಕ್ಷ್ಯ ನುಡಿದನು. ಆದರೂ ಸೋತನು. 1958ರಲ್ಲಿ ಸ್ಟ್ರಾತ್‌ಕೋನಾ ಅಣೆಕಟ್ಟು ಮುಗಿಯಿತು, ಸರೋವರದ ನೀರು ಏರಿತು.

ಇಲ್ಲಿ ನಾನು ಒಂದು ಮಾತನ್ನು ಮರೆಮಾಡದೆ ಹೇಳಬೇಕು. ನಾನು ಅಣೆಕಟ್ಟಿನ ನೀರಿನಿಂದ ಅನ್ನ ಕಂಡ ಸೀಮೆಯವನು. ಕಾಲುವೆಯ ನೀರು ಹರಿದ ಮೇಲೆ ನಮ್ಮ ಸುತ್ತಿನ ಒಣ ಹೊಲಗಳು ಹಸುರಾದುವೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಆದ್ದರಿಂದ ಅಣೆಕಟ್ಟುಗಳೆಲ್ಲ ಕೆಡುಕೆಂಬ ಮಾತು ನನ್ನ ಬಾಯಿಂದ ಬಾರದು. ಆದರೆ ಹೊಳೆಯನ್ನು ಕಟ್ಟುವಾಗ ಹೊಳೆಯನ್ನು ಬಲ್ಲವನನ್ನು ಒಂದು ಮಾತು ಕೇಳಬೇಕಲ್ಲವೆ? ಲೆಕ್ಕದ ಪುಸ್ತಕದಲ್ಲಿ ವಿದ್ಯುತ್ತಿಗೂ ಮರಕ್ಕೂ ಅದಿರಿಗೂ ಬೆಲೆಯಿದೆ. ಹೊಳೆ ಹತ್ತುವ ಮೀನಿಗೆ ಬೆಲೆ ಕಟ್ಟುವವರು ಯಾರು? ಹೇಗ್-ಬ್ರೌನನು ಆ ಕಾಲದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದನು. ಸೋತ ಮೇಲೆಯೂ ಸುಮ್ಮನಿರಲಿಲ್ಲ. ಫ್ರೇಸರ್ ಮಹಾನದಿಗೆ ಮೊರಾನ್ ಎಂಬಲ್ಲಿ ಅಡ್ಡಕಟ್ಟೆ ಹಾಕುವ ಯೋಜನೆಯನ್ನು ವಿರೋಧಿಸಿದವರಲ್ಲಿ ಅವನೂ ಒಬ್ಬ. ಆ ಕಟ್ಟೆ ಏಳಲಿಲ್ಲ. ಫ್ರೇಸರಿನ ಮುಖ್ಯ ಪ್ರವಾಹ ಈಗಲೂ ಕಟ್ಟೆಯಿಲ್ಲದೆ ಸಮುದ್ರ ಸೇರುತ್ತಿದೆ. ಸಾಲ್ಮನ್ ಮೀನಿನ ರಕ್ಷಣೆಗಾಗಿ ಕೆನಡಾ ಮತ್ತು ಅಮೆರಿಕ ಕೂಡಿ ನಡೆಸುತ್ತಿದ್ದ ಆಯೋಗದಲ್ಲಿಯೂ ಅವನು ಸದಸ್ಯನಾಗಿದ್ದನು.

ತಾರುಣ್ಯದಲ್ಲಿ ಅವನು ಕೊಂದ ಪ್ರಾಣಿಗಳೂ ಮೀನುಗಳೂ ಕಡಮೆಯಲ್ಲ. ವಯಸ್ಸು ಕಳೆದಂತೆ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದೇ ಹೆಚ್ಚಾಯಿತು. ಐವತ್ತು ದಾಟಿದ ಮೇಲೆ ರಬ್ಬರಿನ ಉಡುಪು ತೊಟ್ಟು, ಮುಖಕ್ಕೆ ಗಾಜಿನ ಮುಸುಕು ಹಾಕಿ ಹೊಳೆಯೊಳಗೇ ಇಳಿಯುತ್ತಿದ್ದನು. ಅಷ್ಟು ವರ್ಷ ದಾರದ ತುದಿಯಲ್ಲಿ ಊಹಿಸಿದ್ದನ್ನು ಕಣ್ಣಾರೆ ಕಾಣುವ ಆಸೆ ಅವನಿಗೆ. ಫ್ರೋಮ್ ಹೊಳೆಯ ದಂಡೆಯಲ್ಲಿ ಬಗ್ಗಿ ನೋಡುತ್ತಿದ್ದ ಬಾಲಕನು ಮುದಿತನದ ಹೊಸ್ತಿಲಲ್ಲಿಯೂ ಅವನೊಳಗೆ ಬದುಕಿದ್ದನು. ಬ್ರಿಟಿಷ್ ಕೊಲಂಬಿಯಾದ ಹೊಳೆಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಸ್ಟೀಲ್‌ಹೆಡ್ಡನ್ನು ಹಿಡಿದರೆ ಬಿಟ್ಟುಬಿಡಬೇಕೆಂದು ಈಗ ಕಾನೂನೇ ಇದೆ. ಗಾಳದ ಮುಳ್ಳಿಗೆ ಕೊಕ್ಕೆಯ ಮೊನೆಯೂ ಇರಕೂಡದು.

ಶಾಲೆಯಿಂದ ಹೊರಹಾಕಲ್ಪಟ್ಟ, ಪದವಿಯಿಲ್ಲದ ಈ ಮನುಷ್ಯನಿಗೆ 1952ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. 1970ರಿಂದ 1973ರವರೆಗೆ ಅವನು ವಿಕ್ಟೋರಿಯಾ ವಿಶ್ವವಿದ್ಯಾನಿಲಯದ ಕುಲಾಧಿಪತಿಯಾಗಿದ್ದನು. ತಾನು ಒಂದು ಪರೀಕ್ಷೆಯನ್ನೂ ಕಟ್ಟದೆ, ನೂರಾರು ಮಂದಿಗೆ ಪದವಿಯನ್ನು ಪ್ರದಾನ ಮಾಡುವ ಪೀಠದಲ್ಲಿ ಕುಳಿತನು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಏಕೋ ಕಣ್ಣು ತೇವವಾಯಿತು.

1976ರ ಅಕ್ಟೋಬರ್ 9ರಂದು, ತನ್ನ 68ನೆಯ ವಯಸ್ಸಿನಲ್ಲಿ, ಕ್ಯಾಂಬೆಲ್ ನದಿಯ ದಂಡೆಯ ಅದೇ ಮನೆಯಲ್ಲಿ ಹೇಗ್-ಬ್ರೌನನು ಕಾಲವಾದನು. ಮರುವರ್ಷ ಪ್ರಾಂತದ ಸರಕಾರವು, ಲಕ್ಷಾಂತರ ಸಾಲ್ಮನ್ನುಗಳು ಮೊಟ್ಟೆಯಿಡಲು ಬರುವ ಆ್ಯಡಮ್ಸ್ ನದಿಯ ದಂಡೆಯ ವನಕ್ಕೆ ಅವನ ಹೆಸರಿಟ್ಟಿತು. 2018ರಲ್ಲಿ ಆ ಹೆಸರನ್ನು ತೆಗೆದು, ಅಲ್ಲಿಯ ಮೂಲನಿವಾಸಿಗಳ ನುಡಿಯ ಹೆಸರನ್ನೇ ಮರಳಿ ಇಟ್ಟರು. ಬಹಳ ಮೀನುಗಳಿರುವ ತಾಣವೆಂಬ ಅರ್ಥ ಅದಕ್ಕೆ. ಅವನಿದ್ದಿದ್ದರೆ ನೊಂದುಕೊಳ್ಳುತ್ತಿರಲಿಲ್ಲವೆಂದು ನನ್ನ ನಂಬಿಕೆ. ಹಲಗೆಯ ಮೇಲೆ ತನ್ನ ಹೆಸರಿರುವುದಕ್ಕಿಂತ ಹೊಳೆಯಲ್ಲಿ ಮೀನಿರುವುದು ಮೇಲೆಂದು ತಿಳಿದವನು ಅವನು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ, ಒಂದು ಸಂಜೆ ಹೊಳೆಯ ದಂಡೆಯಲ್ಲಿ ಗಾಳ ಕಟ್ಟುತ್ತಿದ್ದ ಅಪ್ಪನ ಪಕ್ಕದಲ್ಲಿ ಕುಳಿತು ಹೇಗ್-ಬ್ರೌನನ ಕಥೆಯನ್ನೆಲ್ಲ ಹೇಳಿದೆ. ಸೀಸವು ಕಲ್ಲನ್ನು ತಟ್ಟುವ ಸಂಗತಿಗೆ ಬಂದಾಗ ಅಪ್ಪ ತಲೆಯಾಡಿಸಿ, ಅದರಲ್ಲಿ ಹೊಸದೇನಿದೆ, ಬಾಳೆಮೀನಿಗೆ ಗಾಳ ಬಿಡುವಾಗ ಸೆಳವು ನೋಡಿ ಕಲ್ಲು ಕಟ್ಟುವುದನ್ನು ನಿನ್ನ ತಾತನೇ ನನಗೆ ಕಲಿಸಿದ್ದನಲ್ಲ ಎಂದರು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದೊರೆ ಇದನ್ನೆಲ್ಲ ಪುಸ್ತಕದಲ್ಲಿ ಬರೆದನೇ ಎಂದು ಕೇಳಿದರು. ಹೌದೆಂದೆ. ಅವರು ಮತ್ತೇನೂ ಹೇಳದೆ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು ಗಂಟು ಹಾಕಲು ಹೇಳಿದರು. ಮೂರು ವರ್ಷದಲ್ಲಿ ನನ್ನ ಬೆರಳುಗಳು ಆ ಗಂಟನ್ನು ಮರೆತಿದ್ದುವು. ಅಪ್ಪ ಬಿಚ್ಚಿ ಮತ್ತೆ ತೋರಿಸಿಕೊಟ್ಟರು.

ಬರುವ ಬೇಸಗೆಯಲ್ಲಿ ದೇವರ ದಯೆಯಿಂದ ನಾನು ಪದವೀಧರನಾಗುತ್ತೇನೆ. ನನ್ನ ತಂದೆ ಮೀನು ಹಿಡಿಯುವವರೆಂದು ಈ ಸಂಚಿಕೆಯ ಮೂಲಕ ನನ್ನ ಗೆಳೆಯರಿಗೆಲ್ಲ ತಿಳಿಸುತ್ತ, ಮೂರು ವರ್ಷದ ಹಿಂದೆ ಹೇಳಿದ ಸುಳ್ಳಿಗಾಗಿ ಅವರ ಕ್ಷಮೆಯನ್ನು ಬೇಡುತ್ತೇನೆ.